ರಟ್ಟಿನ ಮಡಿಲು

ಮರಿಮಾದನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಬುದ್ಧಿ, ನನ್ನ ತಮ್ಮನಿಗೆ ಕಾಲು ಸ್ವಾಧೀನವಿಲ್ಲ. ಚಿಕ್ಕಂದಿನಿಂದ ಬೆನ್ನ ಮೇಲೆ ಹೊತ್ತು ತಿರುಗುತ್ತಿದ್ದೇನೆ. ಈಗ ಚಕ್ರದ ಗಾಡಿ ಬೇಕು ಅನ್ನುತ್ತಾನೆ. ನಾನು ಬದುಕಿರುವಾಗ ಗಾಡಿ ಯಾಕೆ? ಹೊತ್ತವನು ಕೆಳಗಿಳಿಸಿದರೆ ಅದು ಪ್ರೀತಿಯೇ?"

ಗುರುಗಳು ನಕ್ಕರು. "ಅವನು ಕೇಳಿದ್ದು ಬರೀ ಗಾಡಿ. ಅಷ್ಟಕ್ಕೇ ಮುಖ ಊದಿಸಿಕೊಂಡು ಬಂದಿದ್ದೀಯಲ್ಲೋ! ಕೂತುಕೋ, ಹೇಳುತ್ತೇನೆ.

"ಒಬ್ಬ ತಾಯಿ ಇದ್ದಳು. ಮಗಳಿಗೆ ಐದು ವರ್ಷವಾದರೂ ಬೆನ್ನು ನಿಲ್ಲದು, ಕುತ್ತಿಗೆ ನಿಲ್ಲದು. ಕೂರಿಸಿದರೆ ಪಕ್ಕಕ್ಕೆ ವಾಲಿಬಿಡುವಳು. ಹಾಗಾಗಿ ತಾಯಿ ಅವಳನ್ನು ಮಡಿಲಲ್ಲಿ ಕೂರಿಸಿ, ಎದೆಗೆ ಒರಗಿಸಿಕೊಂಡು, ಹಿಂದಿನಿಂದಲೇ ಉಣಿಸುತ್ತಿದ್ದಳು. ತುತ್ತು ಬಾಯಿಗೆ ಹೋಯಿತೋ ಗಲ್ಲಕ್ಕೆ ಹೋಯಿತೋ, ಎಲ್ಲ ಕೈಯಂದಾಜು.

"ಅದೇ ಬೀದಿಯಲ್ಲಿ ಬಳೆ ಅಂಗಡಿಗಳಿಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುವವನೊಬ್ಬನಿದ್ದ. ಮಗುವಿಗೊಂದು ಕುರ್ಚಿ ಮಾಡುತ್ತೇನೆಂದು ಬಂದ. ಮಗುವನ್ನಷ್ಟೇ ಅಳೆಯಲಿಲ್ಲ, ಅದು ಕೂತಿದ್ದ ಮಡಿಲನ್ನೂ ಅಳೆದ. ರಟ್ಟಿನ ಮೇಲೆ ರಟ್ಟು ಅಂಟಿಸಿ ಒಣಗಿಸಿದ. ತಾಯಿಯ ಎದೆ ಎಷ್ಟು ಹಿಂದಕ್ಕೆ ಬಾಗಿತ್ತೋ ಅಷ್ಟೇ ಓರೆಯ ಒರಗು ಕೊಟ್ಟ. ಅವಳ ತೋಳು ಸುತ್ತಿದ್ದ ಕಡೆ ಎರಡು ಅಂಚು ಇಟ್ಟ.

"ಮಗುವನ್ನು ಕೂರಿಸಿದರು. ವಾಲಲಿಲ್ಲ. ಆದರೆ ಚೀರಿತು. ತನ್ನ ಅಳತೆಯೇ ತಪ್ಪಿತೆಂದು ಅವನು ಒಂದು ಅಂಚನ್ನು ಕೊಯ್ದು ಸರಿಮಾಡಿದ. ಮತ್ತೆ ಚೀರಿತು. ನೋಡುತ್ತಾನೆ, ತಾಯಿ ಹಿಂದೆ ನಿಂತು ಮಗುವಿನ ಭುಜಗಳನ್ನು ಉಡದ ಹಾಗೆ ಹಿಡಿದಿದ್ದಾಳೆ!

"'ಕೈ ತೆಗಿ ತಾಯಿ' ಅಂದ.

"'ಅಯ್ಯೋ, ಎಷ್ಟಾದರೂ ರಟ್ಟು ಕಣಪ್ಪಾ! ಕುಸಿದರೆ?'

"ಅವನು ಮಗುವನ್ನು ಅವಳ ಕೈಗೆ ಕೊಟ್ಟು ತಾನೇ ಕುರ್ಚಿ ಹತ್ತಿ ನಿಂತ. ದಢೂತಿ ಆಸಾಮಿ. ಕುರ್ಚಿ ಅಲ್ಲಾಡಲಿಲ್ಲ.

"ತಾಯಿ ಮತ್ತೆ ಮಗುವನ್ನು ಕೂರಿಸಿದಳು. ಒಂದೊಂದೇ ಬೆರಳು ಸಡಿಲಿಸಿ, ಜೀವ ಕೈಯಲ್ಲಿ ಹಿಡಿದುಕೊಂಡು, ಎದುರಿಗೆ ಬಂದು ಕೂತಳು. ಒಂದು ತುತ್ತು ಇಟ್ಟಳು. ಮಗು ಅವಳನ್ನೇ ನೋಡುತ್ತಾ ಅಗಿಯಿತು, ಅಗಿಯುತ್ತಾ ನಕ್ಕಿತು. 'ನನ್ನವ್ವಾ, ಉಣ್ಣುವಾಗ ನೀನು ನಗುತ್ತೀಯಾ! ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲವಲ್ಲೇ' ಎಂದು ತಾಯಿ ಅತ್ತುಬಿಟ್ಟಳು."

ಮರಿಮಾದ ಕಣ್ಣೊರೆಸಿಕೊಂಡ. "ಪುಣ್ಯವಂತೆ. ಆದರೆ ಬುದ್ಧಿ, ನನ್ನ ತಮ್ಮನ ಮಾತೇ ಬೇರೆ. ಅವನು ನನ್ನ ಬೆನ್ನ ಮೇಲೆ ಸುಖವಾಗಿಯೇ ಇದ್ದಾನೆ."

ಗುರುಗಳು ಮೆಲ್ಲಗೆ ಕೇಳಿದರು: "ಬೆನ್ನ ಮೇಲಿರುವವನ ಮುಖ ನಿನಗೆ ಹೇಗೆ ಕಂಡಿತು, ಮಗೂ?"