ಆನೆಯ ಪಾಲಿನ ಹೂಳು

ದೊಡ್ಡ ಕಂಪನಿಗಳು ತೆರಿಗೆ ಯಾಕೆ ಕಟ್ಟಬೇಕು ಎಂದು ಯಾರೋ ಕೇಳಿದಾಗ, ಈ ಕತೆಯನ್ನು ನಮಗೆ ಮೊದಲು ಹೇಳಿದವರು ನಮ್ಮ ಇಗರ್ಜಿಯಲ್ಲಿ ಕೇರಿಯ ಕ್ರೈಸ್ತ ಮನೆಗಳ ಮುಂದಾಳು, ಅಂದರೆ ಗುರ್ಕಾರರಾದ ಲಾದ್ರು ಪೊರ್ಬುಗಳು.

ಒಂದು ಕಾಡಿನ ಕೊಳಕ್ಕೆ ಒಂದು ಕಟ್ಟಳೆಯಿತ್ತು. ವರ್ಷವಿಡೀ ಯಾರು ಎಷ್ಟು ಕುಡಿದರೋ, ಬೇಸಗೆಯಲ್ಲಿ ಅವರು ಅಷ್ಟು ಹೂಳು ಎತ್ತಬೇಕು. ಗುಬ್ಬಿ ಕೊಕ್ಕಿನಷ್ಟು ಎತ್ತಿತು, ಎಮ್ಮೆ ಬಾಯಿತುಂಬ ಎತ್ತಿತು. ಆನೆ ಮಾತ್ರ ಎತ್ತಲಿಲ್ಲ. ಒರತೆ ಹೂಳಿನಡಿ ಮುಚ್ಚಿಹೋಗಿ, ಏಡಿಯ ಮರಿಗಳು ಬೊಗಸೆ ನೀರಿನಲ್ಲಿ ಜೀವ ಹಿಡಿದುಕೊಂಡಿದ್ದವು. ಆನೆ ನೀರು ಕುಡಿಯಲು ಬಂದಾಗ ತಾಯಿ ಏಡಿ ದಡದಲ್ಲೇ ಅದರ ದಾರಿಗೆ ಅಡ್ಡ ನಿಂತಿತು.

"ಆನೆಯಣ್ಣ, ನಿಮ್ಮ ಪಾಲು ಉಳಿದಿದೆ."

"ಹಬ್ಬಕ್ಕೆ ನಾನು ಎಲ್ಲರಿಗೂ ಬಾಳೆಹಣ್ಣು ಹಂಚಲಿಲ್ಲವೇ?"

"ಹಂಚಿದ್ದು ನಿಮ್ಮ ದೊಡ್ಡ ಮನಸ್ಸು. ಹೂಳು ನಿಮ್ಮ ಕೆಲಸ."

"ನಾನು ಗುಡ್ಡದಾಚೆ ವಾಸವಾಗಿರುವವನು. ಇಲ್ಲಿ ಕುಡಿಯುವುದು ಈ ಸೊಂಡಿಲು ಅಷ್ಟೇ."

"ಹಾಗಾದರೆ ನೀವು ಗುಡ್ಡದಾಚೆಯೇ ಇರಿ, ಸೊಂಡಿಲನ್ನು ಕೆಲಸಕ್ಕೆ ಕಳುಹಿಸಿ!"

ದಡದಲ್ಲಿದ್ದ ಎಮ್ಮೆ ನಕ್ಕ ರಭಸಕ್ಕೆ ಕೆಸರಿನಲ್ಲಿ ಕೂತೇಬಿಟ್ಟಿತು. ಆನೆಗೂ ನಗು ತಡೆಯಲಾಗಲಿಲ್ಲ. ಏಡಿ ಮಾತ್ರ ನಗಲಿಲ್ಲ. "ನೀರು ದೇವರದು, ಅಣ್ಣ. ಅವನ ಕಿವಿ ಮೊದಲು ಈ ಮರಿಗಳ ಕಡೆಗಿದೆ. ಒಮ್ಮೆ ಬಗ್ಗಿ ನೋಡಿ."

ಆನೆ ಬಗ್ಗಿ ನೋಡಿತು; ನೋಡಿ ನಾಚಿತು. ಸೊಂಡಿಲನ್ನು ಹೂಳಿಗೆ ಇಳಿಸಿತು. ನಲವತ್ತನೆಯ ಸಲ ಎತ್ತುವಾಗ ಒರತೆ ಚಿಮ್ಮಿ ಅದರ ಮುಖಕ್ಕೇ ಹೊಡೆಯಿತು. ಮರಿಗಳು ಕುಣಿದಾಡಿದವು.

"ಸಾಕಣ್ಣ, ನಿಮ್ಮ ಪಾಲು ಮುಗಿಯಿತು," ಎಂದಿತು ಏಡಿ.

"ಸುಮ್ಮನಿರು ತಂಗಿ, ನನಗೆ ಈಗಷ್ಟೇ ರುಚಿ ಹತ್ತಿದೆ," ಎಂದು ಆನೆ ಮತ್ತೆ ಬಗ್ಗಿತು.

ಕೇಳಿದವರು ಈ ಕತೆಯನ್ನು ಇನ್ನೊಂದು ಮನೆಗೆ ಮುಟ್ಟಿಸಿರಿ.