ಅಜ್ಜನ ಕೈಗೆ ಮೊದಲು ಬಂದ ಪಟ್ಟಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಗುರುಗಳು ಈ ಕತೆಯನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ನನಗೆ ಹಾಗೆ ಬರುವುದಿಲ್ಲ. ಬರೆದು ಅಭ್ಯಾಸವಿಲ್ಲ, ಬೇಕಾದ್ದಕ್ಕಿಂತ ಹೆಚ್ಚು ವಿವರಿಸುತ್ತೇನೆ. ಸಹಿಸಿಕೊಳ್ಳಬೇಕು.

ನಿನ್ನೆ ನಾನು ಕೇಳಿದ ಪ್ರಶ್ನೆ ಇದು: “ಗುರುಗಳೇ, ಒಬ್ಬರು ತಾವಾಗಿಯೇ ಬಿಟ್ಟುಕೊಟ್ಟದ್ದನ್ನು ನಾವು ಒಪ್ಪಿಕೊಂಡರೆ ತಪ್ಪೇ?”

ಯಾಕೆ ಕೇಳಿದೆ ಎಂಬುದನ್ನೂ ಹೇಳಬೇಕು. ನನ್ನದು ನೋಟ್‌ಬುಕ್ ಬೈಂಡಿಂಗ್ ಮಾಡುವ ಸಣ್ಣ ಅಂಗಡಿ. ಎಂಟು ಜನ ಕೆಲಸಗಾರರು. ಈ ವರ್ಷ ಅವರಿಗೆ ಆರೋಗ್ಯ ವಿಮೆ ಮಾಡಿಸಲು ಹೊರಟೆ. ಎಲ್ಲರ ಹೆಸರನ್ನೂ ಒಂದೇ ಪಟ್ಟಿಯಲ್ಲಿ ಬರೆದು ಮಾಡಿಸುವ ಗುಂಪು ವಿಮೆ ಅದು. ಒಬ್ಬೊಬ್ಬರಿಗೆ ಬೇರೆಯಾಗಿ ಮಾಡಿಸುವುದಕ್ಕಿಂತ ಅಗ್ಗ, ನನ್ನಂಥವನ ಕೈಗೂ ಎಟುಕುತ್ತದೆ. ಎಂಟು ಜನರಲ್ಲಿ ಹಿರಿಯರು ಚನ್ನವೀರಪ್ಪ. ಅವರಿಗೆ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಬೇಗ ಮಾಯುವುದಿಲ್ಲ. “ನನ್ನ ಹೆಸರು ಬಿಡ್ರಿ” ಎಂದು ಅವರೇ ಹೇಳಿದರು. ನಾನು ಬಿಟ್ಟೆ. ಗುರುಗಳಿಗೆ ಇಷ್ಟನ್ನೂ ತಿಳಿಸಿದೆ.

ಉತ್ತರವಾಗಿ ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಿರಣಿಯವನಿದ್ದ. ಮೆಣಸಿನಕಾಯಿ ಕುಟ್ಟಿ ಪುಡಿ ಮಾಡುವ ಗಿರಣಿ. ಒಂಬತ್ತು ಜನ ಕೆಲಸಕ್ಕಿದ್ದರು. ಅವರಲ್ಲಿ ಒಬ್ಬ ಮುದುಕ. ಪ್ರತಿ ಚೀಲ ಬಿಚ್ಚಿದಾಗಲೂ ಮೊದಲ ಹಿಡಿ ಮುದುಕನ ಕೈಗೆ ಹೋಗಬೇಕು, ಅದು ಆ ಗಿರಣಿಯ ಪದ್ಧತಿ. ಅವನು ಅದನ್ನು ಅಂಗೈಯಲ್ಲಿ ಉಜ್ಜಿ, ಮೂಗಿನ ಹತ್ತಿರ ಹಿಡಿದು, ಜೋರಾಗಿ ಉಸಿರೆಳೆದು, ಒಣಗಿದೆಯೋ ಇಲ್ಲವೋ, ಹಳೆಯದು ಬೆರೆತಿದೆಯೋ ಇಲ್ಲವೋ ಹೇಳುತ್ತಿದ್ದ. ಮೂವತ್ತು ವರ್ಷ ಹಾಗೆ ಉಸಿರೆಳೆದಿದ್ದ. ಗಿರಣಿಗೆ ಹೆಸರು ಬಂತು. ಮುದುಕನಿಗೆ ಕೆಮ್ಮು ಬಂತು.

(ಗಿರಣಿಯ ಹೆಸರಿಗೂ ಮುದುಕನ ಕೆಮ್ಮಿಗೂ ಕಾರಣ ಒಂದೇ ಎಂದು ಗುರುಗಳು ಹೇಳಲಿಲ್ಲ. ಅದು ನಾನು ಸೇರಿಸಿದ್ದು.)

ಗಿರಣಿಯವನು ವಿಮೆ ಮಾಡಿಸಲು ಮನಸ್ಸು ಮಾಡಿದ. ಏಜೆಂಟ್ ಪಟ್ಟಿ ನೋಡಿ, “ಈ ಒಬ್ಬರನ್ನು ಬಿಟ್ಟರೆ ಕಂತು ಇಳಿಯುತ್ತದೆ” ಎಂದು ಮುದುಕನ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿದ. ಗಿರಣಿಯವನು ಒಳ್ಳೆಯವನು. ಬಿಡುತ್ತೇನೆ ಎನ್ನಲಿಲ್ಲ. ಮರುದಿನ ಎಲ್ಲರನ್ನೂ ಕರೆದ, ಕಂತಿನ ವಿಷಯ ತಿಳಿಸಿದ. ಪಟ್ಟಿಯನ್ನು ಪದ್ಧತಿಯಂತೆ ಮೊದಲು ಮುದುಕನ ಕೈಗೇ ಕೊಟ್ಟ.

ಮುದುಕ ಗುರುತು ನೋಡಿದ. ಉಳಿದ ಎಂಟು ಜನರೂ ಅವನನ್ನೇ ನೋಡುತ್ತಿದ್ದರು.

“ಧಣ್ಯಾರ, ನನ್ನ ಹೆಸರು ಹೊಡದ ಹಾಕ್ರಿ. ಇನ್ನ ಎಷ್ಟ ದಿನ ಇರಾಂವ ನಾ? ಹುಡುಗೂರದು ಆಗ್ಲಿ.”

ಪುಡಿ ಜರಡಿ ಹಿಡಿಯುವ ಹೆಂಗಸು, “ಅಜ್ಜನ ಮೂಗಿಗಷ್ಟರ ಮಾಡಸ್ರಿ. ನಮ್ಮೆಲ್ಲಾರ ಹೊಟ್ಟಿ ನಡ್ಯೂದು ಅದರ ಮ್ಯಾಲೆ!” ಎಂದಳು. ಎಲ್ಲರೂ ನಕ್ಕರು. ಮುದುಕನೂ ನಕ್ಕ, ನಗುತ್ತಲೇ ಕೆಮ್ಮಿದ. ಗಿರಣಿಯವನು ಎದ್ದು ಬಂದು ಅವನ ಕೈ ಹಿಡಿದು, “ನಿನ್ನಂಥ ದೊಡ್ಡ ಮನಸ್ಸು ಯಾರಿಗೈತೋ ಅಜ್ಜಾ” ಎಂದ. ಹೆಸರು ಹೊಡೆದುಹಾಕಿದ.

ಕೆಲವು ತಿಂಗಳು ಕಳೆದವು. ಮುದುಕ ಕೆಲಸಕ್ಕೆ ಬರುವುದು ನಿಂತಿತು. ಹತ್ತು ದಿನ ನೋಡಿ ಗಿರಣಿಯವನು ಅವನ ಮನೆಗೆ ಹೋದ. ಮುದುಕ ಗೋಡೆಗೆ ಒರಗಿ ಕುಳಿತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಹಾಗಾಗಿ ಕುಳಿತೇ ಇದ್ದ. ಆಸ್ಪತ್ರೆಗೆ ಹೋಗಿರಲಿಲ್ಲ.

“ಒಂದ ಮಾತು ಹೇಳಿ ಕಳಸಬಾರದಿತ್ತೇನೋ? ನಾ ಇರಲಿಲ್ಲೇನು?” ಎಂದ ಗಿರಣಿಯವನು.

ಮುದುಕ ಎರಡು ಉಸಿರು ತೆಗೆದುಕೊಂಡು ಹೇಳಿದ: “ಹೆಂಗ ಹೇಳ್ಲಿ, ಧಣ್ಯಾರ? ಎಲ್ಲಾರ ಮುಂದ ಬ್ಯಾಡ ಅಂದೀನಿ. ಈಗ ಬೇಕು ಅಂದ್ರ ನಾಚಿಕಿ ಆಗೂದಿಲ್ಲೇನ್ರಿ?”

ಗಿರಣಿಯವನು ಅಂದೇ ಅವನನ್ನು ಆಸ್ಪತ್ರೆಗೆ ಸೇರಿಸಿದ. ಜೀವ ಉಳಿಯಿತು. ಮೊದಲೇ ಬಂದಿದ್ದರೆ ಶ್ವಾಸಕೋಶವೂ ಉಳಿಯುತ್ತಿತ್ತು ಎಂದರು ವೈದ್ಯರು. ಮುದುಕ ಮತ್ತೆ ಗಿರಣಿಯ ಹೊಸ್ತಿಲು ದಾಟಲಿಲ್ಲ. ಕೇಳಿದವರಿಗೆಲ್ಲ ಗಿರಣಿಯವನು, “ನಾನು ಬಿಡಲಿಲ್ಲ, ಅವನೇ ಬೇಡ ಅಂದ” ಎನ್ನುತ್ತಿದ್ದ. ಅದು ನಿಜವೂ ಆಗಿತ್ತು.

ಕತೆ ಇಷ್ಟೇ. ನಾನು ತಲೆಯಾಡಿಸಿದೆ. ಗಿರಣಿಯವನು ಬೇಗ ಹೋಗಿ ವಿಚಾರಿಸಬೇಕಿತ್ತು, ಅದೇ ಇದರ ನೀತಿ ಎಂದುಕೊಂಡೆ. ನಾನಾದರೆ ಚನ್ನವೀರಪ್ಪನವರ ಕಾಲನ್ನು ದಿನವೂ ವಿಚಾರಿಸುತ್ತೇನೆ ಎಂದು ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಗುರುಗಳು ಕೇಳಿದರು: “ನಿನ್ನ ಪಟ್ಟಿಯನ್ನು ನೀನು ಮೊದಲು ಯಾರ ಕೈಗೆ ಕೊಟ್ಟೆ?”

ನಾನು ಕೈಮುಗಿದು ಎದ್ದು ಮನೆಗೆ ಬಂದೆ.

ಅಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತೇನೆ, ಓದಿದವರು ನನ್ನನ್ನು ತಪ್ಪು ತಿಳಿಯಬಾರದು. ಮೊದಲು ಚನ್ನವೀರಪ್ಪನವರ ಕೈಗೇ ಕೊಟ್ಟೆ, ಹೌದು. ಆದರೆ ಅವರು ಹಿರಿಯರು. ಹಿರಿಯರಿಗೆ ಮೊದಲು ತೋರಿಸುವುದು ಗೌರವ. ಕಿರಿಯರಿಗೆ ಮೊದಲು ಕೊಟ್ಟಿದ್ದರೆ ಅವರಿಗೇ ಬೇಸರವಾಗುತ್ತಿತ್ತು. ಇನ್ನು, ಅವರ ಹೆಸರಿನ ಕೆಳಗೆ ಗೆರೆ ಎಳೆದದ್ದು ನಾನೇ, ಆದರೆ ಅದು ಬರೀ ನನ್ನ ನೆನಪಿಗೆ ಎಂದು, ಅವರ ಕಣ್ಣಿಗೆ ಬೀಳಲಿ ಎಂದಲ್ಲ, ಅಂದರೆ, ಬೀಳುತ್ತದೆಂದು ಗೊತ್ತಿತ್ತು, ಆದರೂ ಆ ಹೊತ್ತಿನಲ್ಲಿ ನಾನು

ಕೆಳಗೆ ಅಂಗಡಿಯಿಂದ ಕೂಗುತ್ತಿದ್ದಾರೆ. ಚನ್ನವೀರಪ್ಪನವರದೇ ದನಿ: “ಮಾಲಕ್ರ, ಏಜೆಂಟ್ರು ಬಂದಾರ. ಪಟ್ಟಿ ತಯಾರೈತೇನ್ರಿ?”