ಒಲ್ಲೆಪ್ಪನ ಗುಡ್ಡ

ಮಲಪ್ರಭೆಯ ದಂಡೆಗುಂಟ ಬಾದಾಮಿಯ ಕಡೆಗೆ ಹೋಗುವವರಿಗೆ, ಕೆಂಪಲಗೇರಿ ದಾಟಿದೊಡನೆ ಎಡಕ್ಕೆ ಕೆಂಗಲ್ಲಿನ ಗುಡ್ಡವೊಂದು ಕಾಣುತ್ತದೆ. ಅಂಥ ಎತ್ತರದ್ದೇನಲ್ಲ. ನೆತ್ತಿಯ ಮೇಲೆ ಮಾಡು ಕಳೆದುಕೊಂಡ ಎರಡು ಕೋಣೆಯ ಮನೆ ನಿಂತಿದೆ. ಗೋಡೆಯ ಸಂದಿನಲ್ಲಿ ಅರಳಿಯ ಸಸಿಯೊಂದು ಬೇರಿಳಿಸಿದೆ. ಸರಕಾರಿ ನಕಾಶೆಯಲ್ಲಿ ಈ ಗುಡ್ಡಕ್ಕೆ ಹೆಸರಿಲ್ಲ, ಬರೀ ಒಂದು ಅಂಕಿ. ಊರವರು ಮಾತ್ರ ಒಲ್ಲೆಪ್ಪನ ಗುಡ್ಡ ಎನ್ನುತ್ತಾರೆ. ಹೆಸರು ಕೇಳಿ ದೇವರಿರಬೇಕೆಂದು ಕಾಯಿ ಕರ್ಪೂರ ಹಿಡಿದು ಹತ್ತಿದವರೂ ಉಂಟು. ಒಲ್ಲೆಪ್ಪ ದೇವರಲ್ಲ, ಈ ಸೀಮೆಯವನೂ ಅಲ್ಲ. ಅವನು ಅಮೇರಿಕ ದೇಶದ ಒಬ್ಬ ಕಾದಂಬರಿಕಾರ.

ಹಿಂದೆ ಒಮ್ಮೆ, ಈ ಸೀಮೆ ಮುಂಬಯಿ ಸರಕಾರಕ್ಕೆ ಸೇರಿದ್ದ ಕಾಲದಲ್ಲಿ, ಎಲ್ಡನ್ ಥ್ರೋಪ್ ಎಂಬ ಬಿಳಿಯ ಮನುಷ್ಯ ಒಂದೇ ಒಂದು ಪೆಟ್ಟಿಗೆಯೊಡನೆ ರೈಲಿಳಿದು ಬಂದು, ಭೂಮಿ ಅಳೆಯುವವರು ಬಿಟ್ಟುಹೋಗಿದ್ದ ಆ ಮನೆಯಲ್ಲಿ ನೆಲೆಸಿದನಂತೆ. ತನ್ನ ದೇಶದಲ್ಲಿ ಅವನೊಂದು ಪುಸ್ತಕ ಬರೆದಿದ್ದ. ಅದನ್ನು ಲಕ್ಷಾಂತರ ಮಂದಿ ಓದಿದರು. ಕೆಲವು ಊರುಗಳಲ್ಲಿ ಪಾದ್ರಿಗಳು ನಡುಬೀದಿಯಲ್ಲಿಟ್ಟು ಸುಡಿಸಿದರು. ಅರ್ಧ ದೇಶ ಅವನನ್ನು ಸತ್ಯವಂತನೆಂದು ಹೊಗಳಿದರೆ ಇನ್ನರ್ಧ ನಾಚಿಕೆಗೆಟ್ಟವನೆಂದು ಬೈಯಿತು. ಅವನು ಎರಡಕ್ಕೂ ಉತ್ತರ ಕೊಡದೆ ಎದ್ದು ಬಂದುಬಿಟ್ಟಿದ್ದ. ಕೆಂಪಲಗೇರಿಯ ನೇಕಾರರ ಓಣಿಯ ನಿಂಬೆವ್ವ ಎಂಬ ವಿಧವೆ ದಿನಾಲೂ ಗುಡ್ಡ ಹತ್ತಿ ಅವನಿಗೆ ರೊಟ್ಟಿ ಬಡಿದುಕೊಡುತ್ತಿದ್ದಳು. ಒಂದು ರೊಟ್ಟಿ ತಿಂದವನಿಗೆ ಇನ್ನೊಂದು ಹಾಕಹೋದರೆ ಕೈ ಅಡ್ಡ ಹಿಡಿಯುತ್ತಿದ್ದ. “ಒಲ್ಲೆ ಅನಬೇಕಪಾ” ಎಂದು ಅವಳೇ ಕಲಿಸಿಕೊಟ್ಟಳು. ಅವನು ಕಲಿತ ಮೊದಲ ಕನ್ನಡ ಮಾತು ಅದು. ಮುಂದೆ ಮುಂಬಯಿಯಿಂದ ಪತ್ರಿಕೆಯವರು, ಪುಸ್ತಕ ಅಚ್ಚು ಮಾಡುವವರು ಬೆವರು ಸುರಿಸುತ್ತ ಹತ್ತಿಬಂದು ಇನ್ನೊಂದು ಪುಸ್ತಕ ಬರೆಯೆಂದು ಬೇಡಿಕೊಂಡಾಗಲೂ, ಹೊಸ್ತಿಲಲ್ಲಿ ನಿಂತು ಅದೊಂದೇ ಮಾತು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಹೀಗೆ ಥ್ರೋಪ್ ಊರವರ ಬಾಯಲ್ಲಿ ಒಲ್ಲೆಪ್ಪನಾದ.

ಹಾಗೆ ಬಂದವರಿಂದಲೇ, ಅವರ ಮಾತನ್ನು ಕನ್ನಡ ಮಾಡಿ ಹೇಳಿದ ಶಾಲೆಯ ಮಾಸ್ತರರ ಬಾಯಿಂದ, ತಾನು ರೊಟ್ಟಿ ಹಾಕುತ್ತಿರುವುದು ಎಂಥವನಿಗೆ ಎಂಬುದು ನಿಂಬೆವ್ವನಿಗೆ ತಿಳಿಯಿತು. ಅವತ್ತು ಅವಳು ಗುಡ್ಡ ಇಳಿಯಲಿಲ್ಲ. ಒಲೆಯ ಮುಂದೆಯೇ ಕೂತಳು. ಅವಳ ಒಬ್ಬಳೇ ಮಗಳು ಹೊನ್ನವ್ವ, ಹೊಳೆಯಾಚೆಯ ಊರಿಗೆ ಕೊಟ್ಟವಳು, ಗಂಡನ ಮನೆಯ ಬಾವಿಯಲ್ಲಿ ಹೆಣವಾಗಿ ತೇಲಿದ್ದಳು. ನೀರು ಸೇದುವಾಗ ಕಾಲು ಜಾರಿತೆಂದು ಅತ್ತೆ ಅಂದಳು, ಹಿರಿಯರು ಹೌದೆಂದರು, ಅಲ್ಲಿಗೆ ಮುಗಿಯಿತು. ಅವಳ ಬೆನ್ನ ಮೇಲಿನ ಬಾಸುಂಡೆಗಳನ್ನು ನಿಂಬೆವ್ವ ಕಣ್ಣಾರೆ ಕಂಡಿದ್ದಳು.

“ಯಪ್ಪಾ, ನನ್ನ ಮಗಳ ಕತಿ ಬರಿ. ಕಾಲ ಜಾರಿಲ್ಲ ಆಕೀದು. ಖರೇ ಏನೈತಿ ಅದನ್ನ ಬರಿ.”

“ಒಲ್ಲೆ, ಅವ್ವಾ.”

“ಖರೇ ಬರದವ ಅಂತಾರಲ್ಲ ನಿನಗ?”

ಅವನು ಅಷ್ಟರಲ್ಲಿ ಕಲಿತಿದ್ದ ಅಷ್ಟಿಷ್ಟು ಕನ್ನಡ ಜೋಡಿಸಿ ಹೇಳಿದ. “ಬರದೆ. ನನ್ನ ತಂಗೀದು ಬರದೆ. ಆಕಿನ್ನ ಕೇಳಲಿಲ್ಲ. ಮಂದಿ ಓದಿದ್ರು. ಆಕಿ ಹೊಳಿಗೆ ಹೋದ್ಲು.”

ನಿಂಬೆವ್ವನಿಗೆ ಅವನ ಮೇಲೆ ಮರುಕ ಬಂತು. ಆದರೂ ಸಿಟ್ಟೇ ಮೇಲಾಯಿತು. “ನಿನ್ನ ತಂಗಿ ಸತ್ತಿದ್ದು ಜಗತ್ತಿಗೆ ಗೊತ್ತಾತು. ನನ್ನ ಮಗಳ ಹೆಸರು ಯಾರೂ ಎತ್ತೂದಿಲ್ಲಪಾ” ಎಂದು ಬುಟ್ಟಿ ಎತ್ತಿಕೊಂಡು ಹೋದವಳು ಮತ್ತೆ ಗುಡ್ಡದ ಕಡೆ ತಲೆ ಹಾಕಲಿಲ್ಲ. ಒಲ್ಲೆಪ್ಪ ಆಡು ಕಾಯುವ ಹುಡುಗರು ತಂದುಕೊಟ್ಟ ಕಡಲೆ ಬೆಲ್ಲ ತಿಂದುಕೊಂಡು ಸೊರಗಿದ. ಹಿಂಗಾರಿ ಮಳೆ ನಿಂತ ಮೇಲೆ ಒಂದು ಮುಂಜಾನೆ, ಎಂದೂ ಗುಡ್ಡ ಇಳಿಯದಿದ್ದವನು ನೇಕಾರರ ಓಣಿಗೆ ಬಂದು, ನಿಂಬೆವ್ವನ ಕಟ್ಟೆಯ ಮೇಲೆ ಕೂತು, “ಹೇಳು” ಅಂದನಂತೆ.

ಆ ಚಳಿಗಾಲವೆಲ್ಲ ತನ್ನ ಮನೆಯ ಒಲೆಯ ಮುಂದೆ ಕೂತು ಅವಳು ಹೇಳಿದಳು, ಅವನು ಇಂಗ್ಲಿಷಿನಲ್ಲಿ ಬರೆದ. ಹೊನ್ನವ್ವ ಮಗ್ಗದ ಮುಂದೆ ಕೂತರೆ ಲಾಳಿಯ ಸಪ್ಪಳಕ್ಕೆ ಸರಿಯಾಗಿ ಗುನುಗುತ್ತಿದ್ದಳು, ನಕ್ಕರೆ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು, ಕಡೆಯ ಸಲ ತವರಿಗೆ ಬಂದವಳು ತಿರುಗಿ ಹೋಗುವಾಗ ಹೊಳೆಯ ದಂಡೆಯಲ್ಲಿ ಸುಮ್ಮನೆ ನಿಂತಿದ್ದಳು. ಬರೆದು ಮುಗಿದಾಗ ಒಲ್ಲೆಪ್ಪ ಅದನ್ನು ತನ್ನ ಅರೆಬರೆ ಕನ್ನಡದಲ್ಲಿ ಓದಿ ಹೇಳಿದ. ಅವನ ಮಾತು ಎಡವಿದರೂ ನಿಂಬೆವ್ವನ ಕಣ್ಣ ಮುಂದೆ ಹೊನ್ನವ್ವ ಎದ್ದು ಬಂದು ಕೂತಳು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ, ಇದು ಎಲ್ಲಿಗೆ ಹೋಗುತ್ತದೆಂದು ಕೇಳಿದಳು. ಮುಂಬಯಿಗೆ, ಅಲ್ಲಿಂದ ಎಲ್ಲ ದೇಶಕ್ಕೆ, ಒಂದು ದಿನ ತಿರುಗಿ ಇಲ್ಲಿಗೇ ಎಂದ ಅವನು.

ಹೊಳೆಯಾಚೆಯ ಆ ಮನೆಯಲ್ಲಿ ಹೊನ್ನವ್ವನ ಮಗಳು ಕಾಶಿ ಬೆಳೆಯುತ್ತಿದ್ದಳು. ಅದೇ ಅಪ್ಪ, ಅದೇ ಅಜ್ಜಿ ಹಾಕಿದ ಅನ್ನ ಉಣ್ಣುವ ಕೂಸು. ಕತೆ ಊರಿಗೆ ಬಂದರೆ ಆ ಮನೆಯವರ ಸಿಟ್ಟು ಯಾರ ಮೇಲೆ ತೀರುತ್ತದೆ? ಕೊಲೆಯಾದವಳ ಮಗಳೆಂದು ಬೆರಳು ಮಾಡಿ ತೋರಿಸುವ ಮಂದಿಯಲ್ಲಿ ಅವಳನ್ನು ಕೈಹಿಡಿಯುವವರಾರು? ನಿಂಬೆವ್ವ ಮೊಣಕಾಲಿಗೆ ಗದ್ದ ಊರಿ ಕೂತೇ ಇದ್ದಳು.

“ನೀ ಹೂಂ ಅಂದ್ರ ಕಳಸ್ತೇನಿ, ಅವ್ವಾ.”

“ಆಕಿ ಗುನುಗೂದು ಐತಲ್ಲ, ಅದಷ್ಟು ಇನ್ನೊಮ್ಮೆ ಓದು.”

ಓದಿದ. ಕೇಳಿ ಮುಗಿಸಿ ಅವಳು, “ಒಲ್ಲೆಪಾ” ಎಂದಳು. ಅವನು ಹಾಳೆಗಳನ್ನು ಒಂದೊಂದಾಗಿ ಅವಳ ಕೈಗೆ ಕೊಟ್ಟ. ಅವಳು ಒಂದೊಂದಾಗಿ ಒಲೆಗೆ ಹಾಕಿದಳು. ಅವತ್ತು ಆ ಒಲೆಯ ಮೇಲೆ ಅಡುಗೆಯಾಗಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಒಲ್ಲೆಪ್ಪ ಜ್ವರ ಬಂದು ತೀರಿಕೊಂಡ. ನಿಂಬೆವ್ವನೇ ಬಾಯಿಗೆ ನೀರು ಬಿಟ್ಟಳು. ಊರವರು ಮನೆಯ ಹಿಂದೆ ಮಣ್ಣು ಕೊಟ್ಟರು. ಕಾಶಿ ದೊಡ್ಡವಳಾಗಿ ಒಳ್ಳೆಯ ಮನೆ ಸೇರಿದಳು. ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಅಜ್ಜಿ ನಿಂಬೆವ್ವನ ಬಳಿ ಬಂದಾಗಲೆಲ್ಲ, ಬಾವಿಯ ಹತ್ತಿರ ಹುಷಾರೆಂದೂ, ತನ್ನ ಅವ್ವ ಕಾಲು ಜಾರಿಯೇ ಸತ್ತಳೆಂದೂ ಅವರಿಗೆ ಹೇಳುತ್ತಿದ್ದಳು. ನಿಂಬೆವ್ವ ಕೇಳಿಸಿಕೊಂಡು ಮಗ್ಗದ ಕಡೆ ತಿರುಗುತ್ತಿದ್ದಳು. ನಡೆದದ್ದನ್ನು ಅವಳು ಹೇಳಿದ್ದು ನೆರೆಮನೆಯ ಗೆಳತಿಯೊಬ್ಬಳಿಗೆ ಮಾತ್ರ. ಕಾಶಿಯ ಕಾಲ ಮುಗಿಯುವವರೆಗೂ ಅದು ಆ ಗೆಳತಿಯ ಮನೆಯ ಹೊಸ್ತಿಲು ದಾಟಲಿಲ್ಲ ಎನ್ನುತ್ತಾರೆ.

ಥ್ರೋಪನ ಕಡೆಯ ಪುಸ್ತಕ ಇಲ್ಲಿಯೇ ಎಲ್ಲೋ ಅಡಗಿದೆಯೆಂದು ದೂರದೂರದವರು ಇಂದಿಗೂ ಹುಡುಕಿಕೊಂಡು ಬರುತ್ತಾರೆ. ಸುಟ್ಟುಹೋಯಿತೆಂದು ಊರವರು ಹೇಳಿದರೆ ನಂಬುವುದಿಲ್ಲ. ಅವರು ಅಗೆದ ಗುಂಡಿಗಳು ಆ ಎರಡು ಕೋಣೆಗಳ ನೆಲದ ತುಂಬ ಕಾಣುತ್ತವೆ. ಮಳೆಗಾಲದಲ್ಲಿ ಅವುಗಳಲ್ಲಿ ನೀರು ನಿಲ್ಲುತ್ತದೆ. ಗುಡ್ಡ ಮೇಯಲು ಬಂದ ಆಡುಗಳು ಒಳಗೆ ನುಗ್ಗಿ ಕುಡಿದು ಹೋಗುತ್ತವೆ.